ಸೇವಾ ಪುಸ್ತಕದ ಕೊನೆಯ ರುಜು

"ಟೀಚರ್, ಗೈಡ್‌ಗಳ ಅತಿ ದೊಡ್ಡ ಪುರಸ್ಕಾರ ಬೇಕಾದರೆ ಎಷ್ಟು ಸೇವೆ ಮಾಡಿದರೆ ಸಾಕು?" ಎಂದು ನಫೀಸಾ ಕೇಳಿದಳು.

ಶಾಲೆಯ ಗೈಡ್ ದಳವನ್ನು ಮೂವತ್ತು ವರ್ಷ ನಡೆಸಿದ್ದ ಫ್ಲೋರಿನ್ ಟೀಚರ್ ನೇರವಾಗಿ ಉತ್ತರಿಸಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಹುಡುಗಿಯಿದ್ದಳು. ಅವಳಿಗೂ ಆ ಪುರಸ್ಕಾರ ಬೇಕಿತ್ತು. ಸೇವೆಗೆಂದು ಕುಷ್ಠರೋಗಿಗಳ ಆಶ್ರಮವನ್ನು ಆರಿಸಿಕೊಂಡಳು. ಬೇರೆ ಯಾರೂ ಹೋಗದ ಜಾಗ, ಪರೀಕ್ಷಕರು ಮೆಚ್ಚುತ್ತಾರೆ ಎಂಬುದು ಅವಳ ಎಣಿಕೆ. ಅಲ್ಲಿ ಒಬ್ಬ ಮುದುಕನ ಪಾದಗಳ ಆರೈಕೆ ಅವಳ ಪಾಲಿಗೆ ಬಂತು. ಪ್ರತಿ ಭಾನುವಾರ ಪಾದಗಳನ್ನು ನೀರಿನಲ್ಲಿ ನೆನೆಸಬೇಕು, ಎಣ್ಣೆ ಸವರಬೇಕು, ಹುಣ್ಣಿಗೆ ಪಟ್ಟಿ ಕಟ್ಟಬೇಕು. ಮೊದಮೊದಲು ಉಸಿರು ಬಿಗಿಹಿಡಿದು ಕೆಲಸ ಮುಗಿಸಿದಳು. ಆಮೇಲೆ ರೂಢಿಯಾಯಿತು. ಮುದುಕ ಶಾಲು ಹೊದ್ದು ಸುಮ್ಮನೆ ಕೂತಿರುತ್ತಿದ್ದ. ಅವಳೂ ತಲೆ ಎತ್ತುತ್ತಿರಲಿಲ್ಲ. ಹತ್ತು ತಿಂಗಳಾಗುವಷ್ಟರಲ್ಲಿ ಹುಣ್ಣು ಮಾಯಿತು.

ಕೊನೆಯ ಭಾನುವಾರ, ಮಾಡಿದ ಸೇವೆಯನ್ನೆಲ್ಲ ಬರೆದಿಟ್ಟ ಸೇವಾ ಪುಸ್ತಕಕ್ಕೆ ರುಜು ಬೇಕಾಯಿತು. ಆಶ್ರಮದ ಮೇಲ್ವಿಚಾರಕಿ ತಾವೇ ಹಾಕಿಕೊಡುವುದಾಗಿ ಮುಂದೆ ಬಂದರು. ಹುಡುಗಿ ಒಪ್ಪಲಿಲ್ಲ. ಸೇವೆ ಪಡೆದವರೇ ಹಾಕಿದರೆ ಪುಸ್ತಕಕ್ಕೆ ತೂಕ ಹೆಚ್ಚು ಎಂದುಕೊಂಡು ಮುದುಕನಿಗೆ ಪೆನ್ನು ಚಾಚಿದಳು.

ಮುದುಕ ಶಾಲಿನೊಳಗಿಂದ ಕೈಗಳನ್ನು ಹೊರತೆಗೆದ. ಎರಡರಲ್ಲೂ ಒಂದೇ ಒಂದು ಬೆರಳೂ ಇರಲಿಲ್ಲ. ಹತ್ತು ತಿಂಗಳು ಅವನ ಕಾಲಬುಡದಲ್ಲಿ ಕೂತವಳಿಗೆ ಅದು ತಿಳಿದಿರಲಿಲ್ಲ. ಅವಳು ಭೂಮಿಗಿಳಿದುಹೋದಳು. ಪೆನ್ನು ಹಿಂದಕ್ಕೆಳೆದುಕೊಂಡಳು.

"ಮಸಿ ತಾ ಮಗಳೇ," ಎಂದ ಮುದುಕ. "ನನ್ನನ್ನು ಇಲ್ಲಿ ತಂದು ಬಿಟ್ಟ ಮೇಲೆ ನನ್ನ ರುಜು ಯಾರಿಗೂ ಬೇಕಾಗಿರಲಿಲ್ಲ."

ಅವಳು ಆಫೀಸಿನಿಂದ ಸ್ಟ್ಯಾಂಪ್ ಪ್ಯಾಡ್ ತಂದಳು. ಅವನು ಅಂಗೈಯನ್ನು ಮಸಿಗೆ ಊರಿ, ಪುಟದ ಮೇಲೆ ಭದ್ರವಾಗಿ ಒತ್ತಿದ. ಮೂಡಿದ ಗುರುತನ್ನು ಬಹಳ ಹೊತ್ತು ನೋಡಿದ. ಆಗ ಅವಳು ಮೊದಲ ಸಲ ಅವನ ಮುಖ ನೋಡಿದಳು. ಆ ಮುಖದ ಘನತೆ ಕಂಡು ತನಗರಿವಿಲ್ಲದೆ ಕೈ ಮುಗಿದಳು.

ಪರೀಕ್ಷೆಯ ದಿನ ಪರೀಕ್ಷಕರು ಆ ಪುಟ ಬಂದಾಗ ತಿರುವುವುದನ್ನು ನಿಲ್ಲಿಸಿದರು. ಇದು ಯಾರದು ಎಂದು ಕೇಳಿದರು. ಬೆರಳಿಲ್ಲದ ಒಬ್ಬ ಅಜ್ಜನದು ಎಂದಳು. ಅವರು ಕುರ್ಚಿಯಿಂದ ಎದ್ದು ನಿಂತರು. ಆ ಪುಟಕ್ಕೆ ಸೆಲ್ಯೂಟ್ ಮಾಡಿದರು. ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಹಾಗಾದರೆ ಅವಳಿಗೆ ಪುರಸ್ಕಾರ ಸಿಕ್ಕಿತಲ್ಲ, ಟೀಚರ್?" ಎಂದಳು ನಫೀಸಾ.

"ಸಿಕ್ಕಿತು," ಎಂದರು ಫ್ಲೋರಿನ್ ಟೀಚರ್. "ಆದರೆ ಆ ಅಜ್ಜನ ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ."