ಅರ್ಧ ಸಾರಿದ ಡಂಗುರ

"ಕೇಳ್ರಪ್ಪೋ ಕೇಳ್ರಿ! ಅಮ್ಮಣ್ಣಿ ಪದುಮಲೆಯವರ ಮೂರು ಒಗಟು ಬಿಡಿಸಿದವನಿಗೆ ಅಮ್ಮಣ್ಣಿಯವರ ಕೈ, ಅರ್ಧ ರಾಜ್ಯ! ತಪ್ಪಿದವನಿಗೆ ತಲೆದಂಡ!"

ಹೀಗೆ ಸಾರಿದವನು ಅರಮನೆಯ ಡಂಗುರದ ಬಾಚಣ್ಣ. ಸಾರುವಾಗಲೇ ಅವನ ಹೊಟ್ಟೆಯಲ್ಲಿ ಕೆಂಡ. ಪದುಮಲೆಯ ಮೇಲೆ ಅವನಿಗೂ ಆಸೆಯಿತ್ತು. ಸ್ವಂತ ತಲೆಯ ಮೇಲೆ ಇನ್ನೂ ಹೆಚ್ಚಿನ ಆಸೆಯಿತ್ತು.

ಅರಸನೂ ಮಗಳು ಪದುಮಲೆಯೂ ಉಪ್ಪರಿಗೆಯಲ್ಲಿ, ಪರದೆಯ ಹಿಂದೆ. ಕೆಳಗಿನ ಅಂಗಳದಲ್ಲಿ ಯಾರೇ ಏನೇ ಹೇಳಿದರೂ ಬಾಚಣ್ಣನ ಬಾಯಿಂದಲೇ ಮೇಲಕ್ಕೆ ಮುಟ್ಟಬೇಕು. ಅದು ಅಲ್ಲಿನ ಪದ್ಧತಿ.

"ಏಟು ಬಿದ್ದದ್ದು ಆಡಿದವನಿಗೆ, ಆಡಿದ ಮಾತಿಗೆ ಗೀರೂ ಇಲ್ಲ. ಯಾವುದಾ ಏಟು?" ಎಂದಳು ಪದುಮಲೆ.

ಪಾಳೇಗಾರನ ಮಗ "ಶಾಪ" ಎಂದ; ತಲೆ ಹೋಯಿತು. ಪಂಡಿತನೊಬ್ಬ "ವಿಧಿ" ಎಂದ, ಅವನದೂ ಹೋಯಿತು. ಬಾಚಣ್ಣನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಬಂದವನು ಹಗ್ಗ ಹೊಸೆಯುವ ಮುದ್ದ. "ಬೈಗುಳ ಕಣಣ್ಣ. ವಾದಕ್ಕೆ ಉತ್ತರ ಇಲ್ದಿದ್ರೆ ವಾದ ಮಾಡ್ದೋನ ಜನ್ಮ ಜಾಲಾಡ್ತಾರಲ್ಲ, ಅದು."

ಸರಿಯಾಗಿತ್ತು.

"ಗೆದ್ದವನೇ ಕಟ್ಟಿ ನಿಲ್ಲಿಸಿದ ಎದುರಾಳಿ ಯಾರು?" ಮೇಲಿನಿಂದ ಎರಡನೆಯ ಒಗಟು ಬಂತು.

"ಬೆರ್ಚಪ್ಪ, ಹೊಲದಲ್ಲಿ ನಿಲ್ಲಿಸೋ ಹುಲ್ಲಿನ ಗೊಂಬೆ. 'ಕೆರೆಯ ಹಳೇ ಕೋಡಿ ಒಡೆಯೋ ಮುಂಚೆ ಹೊಸದು ನೀರು ತಡೀತದಾ ನೋಡಿ' ಅಂದ್ರು ನಮ್ಮಜ್ಜ. 'ಮುದುಕನಿಗೆ ಹೊಸದೇನೂ ಬೇಡ್ವಂತೆ' ಅಂತ ಡಂಗುರ ಆಯ್ತು. ಅಜ್ಜ ಆಡದೇ ಇದ್ದ ಮಾತನ್ನ ಸೋಲಿಸಿ ಎಲ್ಲರೂ ಮೀಸೆ ತಿರುವಿದ್ರು."

ಅದೂ ಸರಿ. ಅಂಗಳದ ಜನ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಕೂಗಿದರೂ ಬಾಚಣ್ಣನಿಗೆ ಯಾರೂ ತಟ್ಟಿರಲಿಲ್ಲ. ಈ ನಾರು ಹೊಸೆಯುವವನಿಗೆ ಪದುಮಲೆಯೇ? ಬಾಚಣ್ಣನಿಗೆ ಸಹಿಸಲಾಗಲಿಲ್ಲ.

"ಒಂದು ಸುಳ್ಳೂ ಇಲ್ಲದೆ ಊರಿಗೆಲ್ಲ ಮೋಸ ಮಾಡುವುದು ಯಾವುದು?"

"ಓದುಬರಹ ನಂಗೊತ್ತಿಲ್ಲ, ಕಂಡದ್ದು ಹೇಳ್ತೀನಿ," ಎಂದ ಮುದ್ದ. "ಅರ್ಧ ಹೇಳಿದ ನಿಜ."

ಬಾಚಣ್ಣ ಮೇಲೆ ನೋಡಿ ಕೂಗಿದ: "'ನಂಗೊತ್ತಿಲ್ಲ' ಅಂತಾನೆ, ಅಮ್ಮಣ್ಣಿ!"

ತಲೆ ಕಡಿಯುವ ಕಟುಕ ಮುದ್ದನ ಜುಟ್ಟು ಹಿಡಿದ. ಹಗ್ಗ ಹೊಸೆಯುವಾಗ ಆ ತುದಿಯವರಿಗೆ ಕೂಗಿ ಪಳಗಿದ ಗಂಟಲು ಮುದ್ದನದು. ಪದ್ಧತಿ ಮುರಿದು ಅರಚಿದ: "ಅಮ್ಮಣ್ಣೀ, ಅದೇ ಉತ್ತರ! ಈಗ ಬಾಚಣ್ಣ ಸಾರಿದ್ದು ಸುಳ್ಳಲ್ಲ, ಅರ್ಧ ನಿಜ!"

ಪದುಮಲೆ ಪರದೆ ಸರಿಸಿದಳು. "ಪೂರ್ತಿ ಏನಂದ?" ಎಂದು ಕಟುಕನನ್ನೇ ಕೇಳಿದಳು. ಪಕ್ಕದಲ್ಲೇ ನಿಂತಿದ್ದ ಅವನು ಕೇಳಿದಷ್ಟನ್ನೂ ಒಪ್ಪಿಸಿದ.

ಅರಸ ಮುದ್ದನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಟ್ಟ. ಬಾಚಣ್ಣನ ತಲೆ ತೆಗೆಯಿರಿ ಎಂದ.

"ಅವರದ್ದೂ ಪೂರ್ತಿ ಕೇಳಿ, ಬುದ್ಧಿ," ಎಂದ ಮುದ್ದ.

ಬಾಚಣ್ಣ ಅಡ್ಡಬಿದ್ದ. "ಹೊಟ್ಟೆಕಿಚ್ಚು, ಮಹಾಸ್ವಾಮಿ. ಇವನ್ನ ಕಂಡು ಹೊಟ್ಟೆ ಉರೀತು. ಈಗ ನನ್ನ ತಲೆ ಉಳಿಸೋಕೆ ನಿಂತಿದಾನಲ್ಲ, ಇನ್ನೂ ಉರೀತಿದೆ."

ಒಂದು ಮಾತನ್ನೂ ನುಂಗದೆ ಹೇಳಿದನೆಂದು ಅರಸ ಅವನ ತಲೆ ಬಿಟ್ಟ, ಡಂಗುರ ಕಿತ್ತುಕೊಂಡ.