ಮೇಷ್ಟ್ರ ಸ್ವೆಟರ್

ರೋಮ್‌ನ ಪುರಾತನ ಕಟ್ಟಡಗಳನ್ನು ನೋಡುವ ಬಸ್ ಪ್ರವಾಸಕ್ಕೆಂದು ವಾಮನಯ್ಯ ಮೇಷ್ಟ್ರು ಹೊಸ ಸ್ವೆಟರ್ ಕೊಂಡಿದ್ದರು. ಹೊರಡಲು ತಿಂಗಳಿದೆ ಎನ್ನುವಾಗ ತೀರಿಕೊಂಡರು.

"ನಾಳೆ ಅಮ್ಮ ಒಬ್ಬರೇ ಹೊರಟಿದ್ದಾರೆ. ನನ್ನನ್ನು ಒಯ್ಯುತ್ತಾರಲ್ಲವೇ?" ಎಂದು ಸ್ವೆಟರ್ ಬೀರುವಿನಲ್ಲಿದ್ದ ಮೇಷ್ಟ್ರ ಹಳೆಯ ಮಫ್ಲರನ್ನು ಕೇಳಿತು.

"ಒಯ್ಯದೆ ಏನು? ಅಲ್ಲಿನ ಚಳಿಗೆ ನೀನೇ ಸರಿ. ನಾನು ಸವೆದುಹೋದವನು," ಎಂದಿತು ಮಫ್ಲರ್.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ವನಮಾಲಮ್ಮ ಬೀರು ತೆರೆದರು. ಸ್ವೆಟರನ್ನು ಎತ್ತಿ ಮುಖಕ್ಕೆ ಒತ್ತಿಕೊಂಡರು. ಅದರಲ್ಲಿ ಅಂಗಡಿಯ ವಾಸನೆ ಮಾತ್ರ ಇತ್ತು. ಮಡಿಸಿ ಒಳಗೇ ಇಟ್ಟರು. ಮಫ್ಲರಿನಲ್ಲಿ ಮುಖ ಹುದುಗಿಸಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಅದನ್ನು ಸೂಟ್‌ಕೇಸಿನಲ್ಲಿ ತಮ್ಮ ಸೀರೆಗಳ ನಡುವೆ ಇಟ್ಟುಕೊಂಡರು.

ಬೀರುವಿನ ಬಾಗಿಲು ಮುಚ್ಚಿತು.

"ಪ್ರವಾಸಕ್ಕೇ ಇರಲಿ ಎಂದು ಮೇಷ್ಟ್ರು ನನ್ನನ್ನು ಒಂದು ದಿನವೂ ತೊಡಲಿಲ್ಲ," ಎಂದಿತು ಸ್ವೆಟರ್. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಉಳಿದಿರಲಿಲ್ಲ.