ರೆಕ್ಕೆಗಳು ಆರಿಸಿದ ಬೋರ್ಡು

ಮನೆಯಲ್ಲೇ ಮೊದಲ ಸಲ ಜೋಡಿಸುತ್ತಿದ್ದ ಡ್ರೋನಿನ ನಾಲ್ಕು ರೆಕ್ಕೆಗಳು, ತಮಗೆ ತಿರುಗುವ ಅಪ್ಪಣೆ ಕೊಟ್ಟು ಹಾರಿಸುವ ಸರ್ಕ್ಯೂಟ್ ಬೋರ್ಡನ್ನು ಎರಡರಲ್ಲಿ ಒಂದು ಆರಿಸಲು ಕೂತವು. ಆಯ್ಕೆ ತಪ್ಪಿದರೆ ಮೊದಲು ಮುರಿಯುವುದು ತಾವೇ ಎಂದು ಹಿರಿಯ ರೆಕ್ಕೆಗೆ ದಿಗಿಲು.

ದೊಡ್ಡ ಬೋರ್ಡು ಬೀಗುತ್ತಾ, "ನನಗೆ ಆಕಾಶದ ದಾರಿಯೆಲ್ಲ ಗೊತ್ತು. ನೀವು ನಾಲ್ವರೂ ಒಂದೇ ಕಡೆಗೆ ತಿರುಗಿದರೆ ಸಾಕು" ಎಂದಿತು.

"ಹಾಗೆ ತಿರುಗಿದರೆ ರುಬ್ಬುಗುಂಡಿನಂತೆ ನಿಂತಲ್ಲೇ ಸುತ್ತುತ್ತೇವೆ ಸ್ವಾಮಿ. ಹಿಟ್ಟು ರುಬ್ಬಬೇಕಿತ್ತೇ?" ಎಂದಿತು ಹಿರಿಯ ರೆಕ್ಕೆ.

"ಎದುರುತ್ತರ ಬೇಡ."

ಆಗ ಪುಟ್ಟ ಬೋರ್ಡು ಕೇಳಿತು: "ಅಕ್ಕಾ, ನಿಮ್ಮಲ್ಲಿ ಎಡಕ್ಕೆ ತಿರುಗುವ ಇಬ್ಬರು ಯಾರು, ಬಲಕ್ಕೆ ಯಾರು?"

"ನಮ್ಮನ್ನು ಕೇಳುವ ನೀನೇ ನಮ್ಮ ಬೋರ್ಡು, ನಡಿ," ಎಂದಿತು ಹಿರಿಯ ರೆಕ್ಕೆ.

ಅಂಗಳದಿಂದ ಮೇಲೆದ್ದ ಡ್ರೋನು ಗಾಳಿಗೆ ಹಿರಿಯ ರೆಕ್ಕೆಯ ಕಡೆಗೆ ವಾಲಿತು. "ಅಕ್ಕಾ, ಸ್ವಲ್ಪ ಜೋರು," ಎಂದಿತು ಪುಟ್ಟ ಬೋರ್ಡು. ಹಿರಿಯ ರೆಕ್ಕೆ ಜೋರಾಗಿ ತಿರುಗಿತು. ಡ್ರೋನು ನೆಟ್ಟಗಾಗಿ ಮನೆಯ ಹೆಂಚಿಗಿಂತ ಮೇಲಕ್ಕೇರಿತು.

"ಇಳಿಯೋಣವೇ ಅಕ್ಕಾ?"

"ಈಗಲೇ ಯಾಕೋ? ತೆಂಗಿನ ಮರದ ತುದಿ ಹೇಗಿದೆ ಅಂತ ನೋಡಿಕೊಂಡು ಬರೋಣ."